ಪಡಸಾಲೆಯ ಹರಿಗೋಲು

“ಗುರುಗಳೇ, ಮನೆಮಂದಿಯನ್ನು ಕಾಪಾಡಿಕೊಳ್ಳಲು ನಾನು ಇನ್ನೇನು ಮಾಡಲಿ?” ಎಂದು ಮುರಿಗೆಪ್ಪನೆಂಬ ಶಿಷ್ಯ ಕೇಳಿದ. “ಊರಲ್ಲಿ ಕಳ್ಳರ ಕಾಟ. ಕಿಟಕಿಗಳಿಗೆ ಸರಳು ಹಾಕಿಸಿದೆ, ಹಿತ್ತಿಲ ಬಾಗಿಲನ್ನು ಗೋಡೆ ಕಟ್ಟಿ ಮುಚ್ಚಿಸಿದೆ. ತಾಯಿ, ಹೆಂಡತಿ ಒಳಗಿದ್ದಾರೆ. ಹೊರಗಿನಿಂದ ಬೀಗ ಹಾಕಿಕೊಂಡೇ ಬಂದಿದ್ದೇನೆ. ಆದರೂ ಜೀವಕ್ಕೆ ನೆಮ್ಮದಿಯಿಲ್ಲ.”

ಗುರುಗಳು ಅವನ ಸೊಂಟದಲ್ಲಿದ್ದ ಬೀಗದ ಕೈಯನ್ನು ನೋಡಿದರು. ಆಮೇಲೆ ಒಂದು ಕತೆ ಹೇಳಿದರು.

ಹೊಳೆದಂಡೆಯ ಊರೊಂದರಲ್ಲಿ ಒಬ್ಬ ವರ್ತಕನಿದ್ದ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ನಡೆಯಲಾರದ ತಾಯಿ, ಇವರೆಂದರೆ ಅವನಿಗೆ ಪ್ರಾಣ. ಕಳ್ಳರ ಭಯಕ್ಕೆ ಅವನು ಮನೆಯ ಬಾಗಿಲನ್ನು ಗಿಡ್ಡಗೆ, ಕಿರಿದಾಗಿ ಇಡಿಸಿದ್ದ. ಬಂದವರು ತಲೆ ಬಗ್ಗಿಸಿಯೇ ಒಳಗೆ ಬರಬೇಕು.

ಆ ಊರಲ್ಲಿ ಮಳೆಗಾಲಕ್ಕೆ ಮುಂಚೆ ಎಲ್ಲರೂ ಸೇರಿ ದಿಬ್ಬದ ದಾರಿಯ ಮುಳ್ಳುಕಂಟಿ ಕಡಿಯುತ್ತಿದ್ದರು. ಹೊಳೆ ಏರಿದರೆ ಯಾರ ಮನೆಯ ಮುದುಕರನ್ನು ಯಾರು ಹೊರಬೇಕೆಂದು ಅಲ್ಲಿಯೇ ಮಾತಾಗುತ್ತಿತ್ತು. ವರ್ತಕ ಅತ್ತ ತಲೆ ಹಾಕಲಿಲ್ಲ. ಊರಿನವರನ್ನು ನಂಬಿ ಕೂತರೆ ಕೆಟ್ಟಂತೆಯೇ ಎಂದುಕೊಂಡು, ಬಿದಿರು ಹೆಣೆಯುವ ಒಬ್ಬ ಮೇದಾರನನ್ನು ಕರೆಸಿ ತನ್ನ ಮನೆಗೆಂದೇ ದೊಡ್ಡದೊಂದು ಹರಿಗೋಲು ಹೆಣೆಯಲು ಹೇಳಿದ. ಅದೂ ಮನೆಯ ಪಡಸಾಲೆಯಲ್ಲಿ.

“ಹರಿಗೋಲು ಹೊಳೀ ದಂಡ್ಯಾಗ ಹೆಣೀತೀವ್ರಿ ಸಾವ್ಕಾರ್ರ. ಮನಿಯೊಳಗ ಯಾರೂ ಹೆಣಿಸಿಲ್ಲ,” ಎಂದ ಮೇದಾರ.

“ದಂಡ್ಯಾಗ ಹೆಣದ್ರ ಊರೆಲ್ಲ ನೋಡತೈತಿ. ನೋಡಿದವರು ನಾಳೆ ನಮಗೂ ಬೇಕು ಅಂತಾರ. ನೀನು ಸುಮ್ಮನ ಹೆಣಿ. ಯಾರ ಮುಂದೂ ಬಾಯಿ ಬಿಡಬ್ಯಾಡ.”

ಸಾಹುಕಾರರು ಇದರಲ್ಲಿ ಕಾಳು ತುಂಬಿಡುತ್ತಾರೇನೋ ಎಂದುಕೊಂಡು ಮೇದಾರ ಹೆಣೆದ. ಮೇಲೆ ತೊಗಲು ಹೊದಿಸಿದ. ಕೆಲಸ ಅಚ್ಚುಕಟ್ಟಾಗಿತ್ತು. ವರ್ತಕ ದಿನಕ್ಕೊಮ್ಮೆ ಅದನ್ನು ತಟ್ಟಿ ನೋಡಿ ಹಿಗ್ಗುತ್ತಿದ್ದ. ಊರಿನವರನ್ನು ಕಂಡರೆ ಅವನಿಗೆ ಒಳಗೊಳಗೇ ನಗು ಬರುತ್ತಿತ್ತು.

ಮೂರನೆಯ ವರ್ಷ, ಒಂದು ಬೆಳಗ್ಗೆ ಹೊಳೆ ಊರಿಗೆ ನುಗ್ಗಿತು. ಜನ ದಿಬ್ಬ ಹತ್ತಿದರು. ವರ್ತಕ ಅವಸರ ಮಾಡಲಿಲ್ಲ. ಒಡವೆಯ ಪೆಟ್ಟಿಗೆ ತಂದ, ತಾಯಿಯನ್ನು ಎತ್ತಿ ಕೂರಿಸಿದ, ಹೆಂಡತಿ ಮಕ್ಕಳನ್ನು ಹತ್ತಿಸಿದ. ಪಡಸಾಲೆಗೆ ನೀರು ತುಂಬಿದಂತೆ ಹರಿಗೋಲು ಹಗುರಾಗಿ ತೇಲಿತು. ಅದನ್ನು ಬಾಗಿಲಿಗೆ ತಳ್ಳಿದ.

ಬಾಗಿಲು ಮೂರು ಮೊಳ ಎತ್ತರ, ಅಗಲ ಅದಕ್ಕೂ ಕಡಿಮೆ. ಹರಿಗೋಲು ಆರು ಮೊಳ ಅಗಲ.

ಎಲ್ಲರನ್ನೂ ಇಳಿಸಿ ಅಡ್ಡ ಮಾಡಿದ, ಓರೆ ಮಾಡಿದ. ಅದು ಜಗ್ಗಲಿಲ್ಲ. ಅಷ್ಟರಲ್ಲಿ ಬಾಗಿಲೇ ನೀರಲ್ಲಿ ಮುಳುಗಿತು. ಮತ್ತೆ ಎಲ್ಲರೂ ಹರಿಗೋಲನ್ನೇ ಹತ್ತಿದರು. ಅದು ನೀರಿನ ಜೊತೆ ನಿಧಾನವಾಗಿ ಚಾವಣಿಯಾಗಿದ್ದ ಮಾಳಿಗೆಯತ್ತ ಏರತೊಡಗಿತು. ತಾಯಿಯ ತಲೆಗೆ ತೊಲೆ ತಾಗಿತು. ಅವಳನ್ನು ಮಲಗಿಸಿದರು. ಆಮೇಲೆ ಎಲ್ಲರೂ ಮಲಗಬೇಕಾಯಿತು. ವರ್ತಕ ಹೆದರಿ ಊರಿನವರನ್ನು ಹೆಸರು ಹಿಡಿದು ಕೂಗಿದ. ಮಣ್ಣಿನ ಮಾಳಿಗೆ, ಕೂಗು ಹೊರಗೆ ಹೋಗಲಿಲ್ಲ.

ದಿಬ್ಬದ ಮೇಲೆ ಜನ, “ಸಾಹುಕಾರರು ನಿನ್ನೆಯೇ ಊರು ಬಿಟ್ಟಿರಬೇಕು,” ಎಂದುಕೊಂಡರು. ಆ ಮೇದಾರ ಮಾತ್ರ ಎದ್ದು ನಿಂತ. “ಇಲ್ರಿ, ಒಳಗ ಅದಾರ. ಅಲ್ಲಿ ಹರಿಗೋಲು ಹೆಣದಾಂವ ನಾನ. ಅದನ್ನ ನಂಬಿ ಕುಂತಿರ್ತಾರ, ಅದು ಹೊರಗ ಬರೂದಿಲ್ಲ,” ಎಂದ. ಅಂಬಿಗನ ಹಳೆಯ ಹರಿಗೋಲಲ್ಲಿ ನಾಲ್ವರು ಬಂದು, ಹಾರೆಯಿಂದ ಮಾಳಿಗೆ ಅಗೆದು, ಐವರನ್ನೂ ಒಬ್ಬೊಬ್ಬರಾಗಿ ಎಳೆದುಕೊಂಡರು. ಪೆಟ್ಟಿಗೆ ಒಳಗೇ ಉಳಿಯಿತು. ಸಂಜೆಗೆ ಗೋಡೆ ಕುಸಿಯಿತು.

ಕತೆ ಕೇಳಿ ಮುರಿಗೆಪ್ಪನಿಗೆ ನಗು ತಡೆಯಲಾಗಲಿಲ್ಲ. “ಎಂಥ ಪೆದ್ದ ಗುರುಗಳೇ. ಎಲ್ಲವನ್ನೂ ಯೋಚಿಸಿದವನು ಹೊರಗೆ ಬರುವುದನ್ನೇ ಮರೆತನಲ್ಲ,” ಎಂದ.

ಗುರುಗಳು ನಗದೆ ಮತ್ತೆ ಅವನ ಸೊಂಟದ ಬೀಗದ ಕೈಯನ್ನು ನೋಡಿದರು. “ಈ ಹೊತ್ತಿಗೆ ನಿನ್ನ ಮನೆಯಲ್ಲಿ ಒಲೆ ಹೊತ್ತಿಸಿರುತ್ತಾರೆ ಅಲ್ಲವೇ, ಮುರಿಗೆಪ್ಪ?” ಎಂದರು.