ಹಾವು ಕಚ್ಚಿತೆಂದು ಬರೆಸಿದ ಮನೆ

“ಯಾರಿಗೂ ಕೇಡಾಗದ ಸುಳ್ಳನ್ನು ಹೇಳಬಹುದೇ?” ಎಂದು ಗೃಹಸ್ಥನಾದ ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ಒಬ್ಬ ವೈದ್ಯನಿದ್ದ. ಎದೆನೋವು ಯಾರನ್ನು ಹಿಡಿಯುತ್ತದೆ, ಯಾರನ್ನು ಬಿಡುತ್ತದೆ ಎಂದು ಅವನು ತಿಳಿಯಬೇಕಿತ್ತು. ಅದಕ್ಕೆಂದು ಒಂದೇ ಊರಿನ ಮುನ್ನೂರು ಮನೆಗಳಿಗೆ ಮೂವತ್ತು ವರ್ಷ ತಿರುಗಿದ. ವರ್ಷಕ್ಕೊಮ್ಮೆ ಬಂದು ನಾಡಿ ಹಿಡಿಯುವುದು, ಉಪ್ಪೆಷ್ಟು, ಹೊಗೆಸೊಪ್ಪೆಷ್ಟು, ಹಿರಿಯರು ಹೇಗೆ ಹೋದರು ಎಂದು ಕೇಳಿ ಬರೆದುಕೊಳ್ಳುವುದು. “ಬಂದ ನೋಡು, ಸತ್ತವರ ಯೋಗಕ್ಷೇಮ ಕೇಳುವವ” ಎಂದು ಜನ ನಗುತ್ತಿದ್ದರು. ಅವನೂ ನಗುತ್ತಲೇ ಬರೆಯುತ್ತಿದ್ದ.

ಬರೆದು ಬರೆದು ಒಂದು ಸಂಗತಿ ಗೊತ್ತಾಯಿತು. ತಂದೆ ಐವತ್ತರೊಳಗೆ ಎದೆ ಹಿಡಿದುಕೊಂಡು ಬಿದ್ದಿದ್ದರೆ ಮಕ್ಕಳೂ ಬೀಳುವುದು ಹೆಚ್ಚು. ಅಂಥ ಮನೆಯವರನ್ನು ಮೊದಲೇ ಕರೆದು ಹೊಗೆಸೊಪ್ಪು ಬಿಡಿಸಿದ, ಉಪ್ಪು ಇಳಿಸಿದ, ಮದ್ದು ಕೊಟ್ಟ. ಎಷ್ಟೋ ಜನ ಉಳಿದರು.

ಆ ಊರಲ್ಲಿ ಒಬ್ಬ ವಿಧವೆ. ಗಂಡ ಹೊಲದಲ್ಲಿ ಒಬ್ಬನೇ ಇದ್ದಾಗ ಎದೆ ಹಿಡಿದುಕೊಂಡು ಬಿದ್ದಿದ್ದ. ಇವಳು ಬುತ್ತಿ ತಂದಾಗ ಕೊನೆಯುಸಿರು. ಅವಳು ಮಾತ್ರ ವೈದ್ಯನ ಕಡತದಲ್ಲಿ “ಹಾವು ಕಚ್ಚಿತು” ಎಂದು ಬರೆಸಿದಳು. ಎದೆ ಒಡೆದು ಸಾಯುವ ಮನೆಯಿಂದ ಹೆಣ್ಣು ತರುವವರಿಲ್ಲ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಹೆಣ್ಣುಮಕ್ಕಳು ಒಳ್ಳೆಯ ಮನೆ ಸೇರಿದರು.

ಮಗನಿಗೆ ಮೂವತ್ತೆಂಟಾದಾಗ ಎದೆ ಉರಿಯಿತು. ಒಬ್ಬನೇ ವೈದ್ಯನ ಬಳಿ ಹೋದ. ಅಪ್ಪನನ್ನು ಹಾವು ಕಚ್ಚಿತೆಂದೇ ಮಗನೂ ನಂಬಿದ್ದ. ವೈದ್ಯ ಕಡತ ತೆರೆದು ನೋಡಿದ. “ನಿಮ್ಮ ಮನೆಯಲ್ಲಿ ಆ ರೋಗವಿಲ್ಲ. ವಾಯು ಕಣಪ್ಪಾ, ಓಮದ ನೀರು ಕುಡಿ” ಎಂದು ಕಳಿಸಿದ.

ಮೂರನೆಯ ದಿನ ಮಗ ಹೋದ.

ತಿಥಿ ಮುಗಿದ ಮೇಲೆ ತಾಯಿ ವೈದ್ಯನ ಬಾಗಿಲಿಗೆ ಬಂದಳು.

“ಅದು ಹಾವಲ್ಲ ಸ್ವಾಮಿ, ಎದೆ. ನನ್ನ ಹಾವನ್ನು ಹೊಡೆದುಹಾಕಿ. ಹೆಣ್ಣುಮಕ್ಕಳಿಬ್ಬರಿದ್ದಾರೆ, ಅವರನ್ನಾದರೂ ನೋಡಿ.”

“ಬೀಗರಿಗೆ ತಿಳಿಯುತ್ತದಲ್ಲ ತಾಯಿ?”

“ತಿಳಿಯಲಿ. ಮಕ್ಕಳು ಬದುಕಿದ್ದರೆ ತಾನೇ ಬೀಗರು?”

ವೈದ್ಯ ಆ ಸಾಲನ್ನು ಹೊಡೆದ. ಆ ವಾರ ಊರ ಹೆಂಗಸರು ಒಬ್ಬೊಬ್ಬರಾಗಿ, ಮುಖಕ್ಕೆ ಸೆರಗು ಮುಚ್ಚಿಕೊಂಡು ಬಂದರು. ವೈದ್ಯ ಹನ್ನೆರಡು ಹಾವು ಹೊಡೆದ.

ಶಿಷ್ಯ ತಲೆಯಾಡಿಸಿ, “ಹಾಗಾದರೆ ಮಗನನ್ನು ಕೊಂದದ್ದು ಆ ತಾಯಿಯ ಸುಳ್ಳೇ” ಎಂದ.

“ಅವಳು ನಿಜ ಹೇಳಿದ್ದರೆ,” ಎಂದರು ಗುರು, “ಅವಳ ಮಗಳನ್ನು ನಿನ್ನ ಮನೆಗೆ ಸೊಸೆಯಾಗಿ ತರುತ್ತಿದ್ದೆಯಾ?”