ಬೇಡ ಅನ್ನಲಾಗದವರು

ತಾಲ್ಲೂಕು ಕಚೇರಿಯ ಶಿರಸ್ತೇದಾರ ಪುಟ್ಟಬಸಪ್ಪನವರು ಒಬ್ಬರ ಕೆಳಗೆ ಇನ್ನೊಬ್ಬರನ್ನು ಸೇರಿಸುತ್ತ ಹೋಗುವ ಟೂತ್‌ಪೇಸ್ಟಿನ ಚೈನ್ ವ್ಯಾಪಾರಕ್ಕೆ ಬಿದ್ದಿದ್ದರು. ಗುಮಾಸ್ತರೆಲ್ಲ ಅವರ ಕೆಳಗೆ ಮೆಂಬರಾಗಿ, ಮನೆ ತುಂಬ ಪೇಸ್ಟ್ ಇಟ್ಟುಕೊಂಡು ಕೂತಿದ್ದರು. ಉಳಿದವನು ಜವಾನ ಒಬ್ಬನೇ.

“ನೀನೂ ಸೇರ್ಕೋ. ಇಲ್ಲಾಂದ್ರೆ ನಿನ್ನ ರಜೆ ಅರ್ಜಿ ನನ್ನ ಟೇಬಲ್ ದಾಟಲ್ಲ,” ಎಂದರು ಸಾಹೇಬರು.

ಜವಾನನಿಗೆ ಮಗಳ ಮದುವೆಗೆ ರಜೆ ಬೇಕಿತ್ತು. “ಸೇರ್ತೀನಿ ಸ್ವಾಮಿ. ಆದ್ರೆ ನನ್ನ ಮಾತು ಕೇಳಿ ಯಾರು ಸೇರ್ತಾರೆ?”

“ದಡ್ಡ! ಅಮೆರಿಕದಲ್ಲಿ ಈ ವ್ಯಾಪಾರ ಶುರುವಾದಾಗಿಂದ ಗುಟ್ಟು ಒಂದೇ. ಬೇಡ ಅನ್ನೋಕೆ ಆಗದವರನ್ನ ಹಿಡೀಬೇಕು.”

ಜವಾನ ಯೋಚಿಸಿದ. ತನಗೆ ಬೇಡ ಅನ್ನಲು ಅಂಜುವವರು ಊರಲ್ಲಿ ಒಬ್ಬರೂ ಇಲ್ಲ. ಆದರೆ ಸಾಹೇಬರು ಅಂಜುವವರು ಒಬ್ಬರಿದ್ದರು. ಸಾಹೇಬರು ಮನೆ ಅಳಿಯ. ಸಂಜೆ ಅವನು ಅವರ ಅತ್ತೆ ಗಂಗಾಂಬಿಕಮ್ಮನವರನ್ನು ಕಂಡು ಬಂದ.

ವಾರ ಕಳೆಯುವಷ್ಟರಲ್ಲಿ ಸಾಹೇಬರ ದನಿ ಇಳಿದಿತ್ತು. “ನಮ್ಮತ್ತೇನ ಮೆಂಬರ್ ಮಾಡಿದ್ಯೇನೋ? ಊಟಕ್ಕೆ ಕೂತ್ರೆ ತಟ್ಟೆ ಪಕ್ಕ ಪೇಸ್ಟಿನ ಡಬ್ಬ ಇಡ್ತಾರೆ. ಕೊಂಡ ಮೇಲೇ ಅನ್ನ ಬಡಿಸೋದು!”

“ಬೇಡ ಅನ್ನಬೇಕಿತ್ತು ಸ್ವಾಮಿ.”

“ಅವರ ಮನೇಲಿ ಕೂತು ಹೆಂಗಯ್ಯ ಬೇಡ ಅನ್ನಲಿ?”

ಜವಾನ ರಜೆ ಅರ್ಜಿಯನ್ನು ಮೆಲ್ಲಗೆ ಮುಂದಿಟ್ಟ.

“ನಾವೂ ನಿಮ್ಮ ಕಚೇರೀಲಿ ಕೂತಿರೋರೇ ಅಲ್ವಾ ಸ್ವಾಮಿ?”