ಹೇನು ಹತ್ತಿದ ಹೈಡ್ರೇಂಜಿಯ

ಬೆಟ್ಟದ ಮೇಲೊಂದು ಊರು. ಊರಲ್ಲೊಬ್ಬಳು ಲಿಂಗಮ್ಮ. ಲಿಂಗಮ್ಮನಿಗೊಬ್ಬ ಮಗ, ಸಣ್ಣೀರ. ಮಗನಿಗೆ ಮೂವತ್ತು ತುಂಬಿತ್ತು; ತಲೆ ಮಾತ್ರ ಇನ್ನೂ ತುಂಬಿರಲಿಲ್ಲ. ಹೇಳಿದ್ದನ್ನು ಮಾಡುತ್ತಿರಲಿಲ್ಲ ಎಂದಲ್ಲ. ಹೇಳಿದ್ದನ್ನೇ ಮಾಡುತ್ತಿದ್ದ. ಲಿಂಗಮ್ಮನ ಗೋಳೇ ಅದು.

ಭಾನುವಾರ ಊರಲ್ಲಿ ಹೂವಿನ ಪ್ರದರ್ಶನ. ನಾಲ್ಕು ವರ್ಷದಿಂದ ಮೊದಲ ಬಹುಮಾನ ಎದುರುಮನೆ ರೇವಮ್ಮನ ಡೇರೆ ಹೂವಿಗೆ. "ನಿನ್ನ ಹೈಡ್ರೇಂಜಿಯ ದನವಾದರೂ ತಿನ್ನುತ್ತಾ ಲಿಂಗಮ್ಮ?" ಎಂದು ರೇವಮ್ಮ ದಿನಾ ಬೆಳಿಗ್ಗೆ ವಿಚಾರಿಸುತ್ತಿದ್ದಳು. ಈ ಸಲ ಲಿಂಗಮ್ಮನ ಮೂರು ಹೈಡ್ರೇಂಜಿಯ ಕುಂಡದಲ್ಲೂ ತಲೆಗಾತ್ರದ ನೀಲಿ ಹೂಗೊಂಚಲು. ರೇವಮ್ಮನ ಬಾಯಿ ಮುಚ್ಚಿಸಲು ಒಂದು ಕುಂಡ ಸಾಕಿತ್ತು. ಅಷ್ಟರಲ್ಲಿ ಲಿಂಗಮ್ಮ ಮೆಟ್ಟಿಲಲ್ಲಿ ಜಾರಿ, ಕಾಲು ಉಳುಕಿಸಿಕೊಂಡು ಮಂಚ ಹಿಡಿದಳು. ಗಿಡಗಳ ಆರೈಕೆ ಮಗನ ಪಾಲಿಗೆ ಬಂತು. ಗಿಡಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

"ಅವ್ವಾ, ಮೊದಲನೇ ಕುಂಡದ ಎಲೆ ಮುರುಟಿಕೊಂಡಿದೆ!"

"ಎಲೆ ಮೇಲೆ ಏನಿದೆ ನೋಡೋ!"

ಹೋದ, ನೋಡಿದ, ಬಂದ. "ಆಕಾಶ ಇದೆ."

"ಎಲೆ ಕೆಳಗೆ?"

ಹೋದ, ನೋಡಿದ, ಬಂದ. "ನೆಲ ಇದೆ."

"ಎಲೆ ತಿರುಗಿಸಿ ನೋಡೋ, ಬೆಪ್ಪೇ!"

"ಸಣ್ಣ ಸಣ್ಣ ಹಸಿರು ಹುಳ ಅವ್ವ. ಗುಂಪಾಗಿ ಕೂತಿವೆ."

"ಅಯ್ಯೋ, ಹೇನು! ಗಿಡಕ್ಕೆ ಹೇನು ಹತ್ತಿದೆ. ಒಂದೂ ಬಿಡದೆ ತೆಗಿ, ಹೋಗು!"

ಹೇನು ತೆಗೆಯುವುದು ಸಣ್ಣೀರನಿಗೆ ಗೊತ್ತಿತ್ತು. ಕೊಬ್ಬರಿ ಎಣ್ಣೆ ತಂದ, ಹೇನಿನ ಬಾಚಣಿಗೆ ತಂದ, ಕುಂಡವನ್ನು ಮುಂದೆ ಕೂರಿಸಿಕೊಂಡು ಬುಡದಿಂದ ತುದಿತನಕ ಬಾಚಿದ.

"ಹೇನು ಹೋಯ್ತವ್ವ. ಎಲೆನೂ ಹೋಯ್ತು. ಬೈತಲೆ ಮಾತ್ರ ನೆಟ್ಟಗೆ ಬಂದಿದೆ."

"ನಿನ್ನ ಬುದ್ಧಿಗಿಷ್ಟು ಮಣ್ಣು ಹಾಕ! ಗಿಡಕ್ಕೆ ಯಾರಾದರೂ ತಲೆ ಬಾಚ್ತಾರೇನೋ? ಕಾಯಿಲೆ ಬಂದರೆ ಔಷಧಿ ಹೊಡೀಬೇಕು! ಹೊಡೀಬೇಕು, ತಿಳೀತಾ?"

"ತಿಳೀತು."

ಮಾರನೇ ದಿನ ಎರಡನೇ ಕುಂಡ. "ಅವ್ವಾ, ಎಲೆಗೆ ಯಾರೋ ವಿಭೂತಿ ಬಳಿದಿದ್ದಾರೆ!"

"ವಿಭೂತಿಯಲ್ಲ, ಬೂದಿ ರೋಗ. ನಿನ್ನೆ ಏನು ಹೇಳಿದೆ?"

"ಔಷಧಿ ಹೊಡೀಬೇಕು."

"ಸದ್ಯ, ನೆನಪಿದೆ! ಕಪಾಟಿನಲ್ಲಿ ಗಂಧಕದ ಡಬ್ಬಿ ಇದೆ. ಹೋಗಿ ಚೆನ್ನಾಗಿ ಹೊಡಿ."

ಹಿತ್ತಲಿನಿಂದ ಧಪ್, ಧಪ್ ಎಂದು ಸದ್ದು ಬಂತು. ಔಷಧಿಗೆ ಆ ಸದ್ದು ಹೆಚ್ಚಾಯಿತೆಂದು ಲಿಂಗಮ್ಮನಿಗೆ ಅನಿಸುವಷ್ಟರಲ್ಲಿ ಸಣ್ಣೀರ ಬೆವರೊರೆಸಿಕೊಳ್ಳುತ್ತ ಒಳಗೆ ಬಂದ. ಕೈಯಲ್ಲಿ ನೆಗ್ಗಿದ ಡಬ್ಬಿ.

"ಹೊಡೆದೆ ಅವ್ವ. ಗೊಂಚಲು ಉದುರಿತು, ರೆಂಬೆ ಮುರೀತು. ಬೂದಿ ಮಾತ್ರ ಜಗ್ಗಲಿಲ್ಲ. ಇನ್ನೂ ದೊಡ್ಡ ಡಬ್ಬಿ ಇದೆಯಾ?"

ಲಿಂಗಮ್ಮ ಹಣೆ ಚಚ್ಚಿಕೊಂಡಳು. "ಹೊಡಿಯೋದು ಅಂದ್ರೆ ಹೊಡಿಯೋದಲ್ಲ ಕಣೋ! ಇನ್ನು ಔಷಧಿ ಮುಟ್ಟಿದರೆ ನಿನ್ನ ಕೈ ಮುರೀತೀನಿ. ರೋಗ ಎಲ್ಲಿ ಕಂಡರೆ ಅಲ್ಲೇ ಕತ್ತರಿಸು, ಸುಟ್ಟುಹಾಕು. ಅಷ್ಟೇ!"

ಶನಿವಾರ ಮೂರನೇ ಕುಂಡ. ಉಳಿದದ್ದು ಅದೊಂದೇ. ಎರಡು ಎಲೆಯ ಮೇಲೆ ಕಂದು ಚುಕ್ಕೆ.

"ಎಲೆಚುಕ್ಕೆ ರೋಗ! ಬೂಷ್ಟಿನಿಂದ ಬರೋದು ಅದು, ಪಕ್ಕದ್ದಕ್ಕೆಲ್ಲ ಹರಡುತ್ತೆ. ಚುಕ್ಕೆ ಇರೋದನ್ನ ಕತ್ತರಿಸಿ ಸುಡು. ಚುಕ್ಕೆ ಇಲ್ಲದ್ದನ್ನ ಮುಟ್ಟಬೇಡ!"

ಸಣ್ಣೀರ ಎರಡೆಲೆ ಕತ್ತರಿಸಿದ. ಸುಟ್ಟ. ಮಿಕ್ಕದ್ದನ್ನು ಮುಟ್ಟಲಿಲ್ಲ. ಲಿಂಗಮ್ಮ ಕುಂಟುತ್ತ ಹಿತ್ತಲ ಬಾಗಿಲಿಗೆ ಹೋಗಿ ತಾನೇ ನೋಡಿದಳು. ಗಿಡ ಗಿಡದ ಹಾಗೇ ಇತ್ತು! ಮೂವತ್ತು ವರ್ಷದಲ್ಲಿ ಮೊದಲ ಸಲ ಮಗನನ್ನು "ಜಾಣ" ಎಂದಳು. ಆತುರಪಟ್ಟಳು.

ಭಾನುವಾರ ಬೆಳಿಗ್ಗೆ ಕುಂಡ ಕೊಟ್ಟು ಹೇಳಿದಳು: "ಅಲ್ಲಿ ನೂರು ಗಿಡ ಬಂದಿರುತ್ತೆ. ಚುಕ್ಕೆ ಇರೋದು ಯಾವುದೂ ನಮ್ಮ ಹೂವಿನ ಹತ್ತಿರ ಸುಳಿಯಕೂಡದು. ನೆನಪಿರಲಿ!"

ನೆನಪಿತ್ತು. ಕತ್ತರಿ, ಬೆಂಕಿಪೊಟ್ಟಣ ಎರಡನ್ನೂ ಜೇಬಿಗೆ ಹಾಕಿಕೊಂಡೇ ಹೋದ.

ಮಧ್ಯಾಹ್ನ ಕುಂಡ ಹೊತ್ತುಕೊಂಡು ವಾಪಸು ಬಂದ. ಹೂವಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಬಹುಮಾನ ಬಂತೇನೋ?"

"ಇನ್ನೇನು ಬಂದಿತ್ತವ್ವ. ತೀರ್ಪುಗಾರರು ನಮ್ಮ ಹೂ ನೋಡಿ, 'ಇದಕ್ಕೇ ಮೊದಲನೇದು' ಅಂದರು. ಅಂದು, ಹತ್ತಿರ ಬಗ್ಗಿದರು. ಅವರ ಟೈ ಬಂದು ಹೂವಿನ ಮೇಲೆ ಬಿತ್ತು. ಮೇಲಿಂದ ಕೆಳತನಕ ಚುಕ್ಕೆ!"

ಲಿಂಗಮ್ಮ ಗೋಡೆ ಹಿಡಿದುಕೊಂಡಳು. "ಕತ್ತರಿಸಿದೆಯೇನೋ?"

"ಕತ್ತರಿಸಿದೆ. ಸುಟ್ಟೆ."

"ಅಯ್ಯೋ ನನ್ನ ಕರ್ಮವೇ! ಆಮೇಲೆ?"

"ಕತ್ತರಿ ಹಿಡಿದು ಇನ್ನೊಂದು ಸಲ ಹತ್ತಿರ ಹೋದೆ. ನಿಲ್ಲಲೇ ಇಲ್ಲ ಅವ್ವ, ಓಡಿಹೋದರು. ಪಾಪ, ಉಳಿಯೋ ಹಾಗೆ ಕಾಣಲಿಲ್ಲ. ಮೂಗಿನ ಮೇಲೆ ಆಗಲೇ ಒಂದು ಚುಕ್ಕೆ ಎದ್ದಿತ್ತು!"